ಸೂರ್ಯನ ವಯಸ್ಸಿಗೊಂದು ದಾಖಲೆ

ನಮ್ಮ ಸಂಘದ ಪರವಾಗಿ ಅರ್ಜಿಯಣ್ಣ ಬರೆದ ಇನ್ನೂರ ಹದಿನಾಲ್ಕು ಅರ್ಜಿಗಳಲ್ಲಿ ಮಂಜೂರಾದವು ಎರಡೇ ಎರಡು. ಮೊದಲನೆಯದು ಮಂಜೂರಾಗದೆ ಹೋಗಿದ್ದರೆ ಎರಡನೆಯದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇದು ನೆನಪಾದಾಗಲೆಲ್ಲ ನಾನು ಅಂಗಡಿಯ ಗಾಜುಗಳನ್ನು ಒರೆಸುತ್ತಾ ಕೂರುತ್ತೇನೆ. ನಾನು ಕನ್ನಡಕದ ವ್ಯಾಪಾರಿ. ಒರೆಸುವುದಕ್ಕೆ ಏನಾದರೊಂದು ಇದ್ದೇ ಇರುತ್ತದೆ.

ಅರ್ಜಿಯಣ್ಣನ ಕಸುಬು ನಗರ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು. ಹೊಟ್ಟೆಪಾಡಿಗೆ ಬರೆದವು ಎಷ್ಟೋ ಮಂಜೂರಾಗಿವೆ. ಅದರ ಬಗ್ಗೆ ಅವರಿಗೆ ಹೆಮ್ಮೆ ಇರಲಿಲ್ಲ. ಅವರ ಜೀವವೆಲ್ಲ ಇದ್ದದ್ದು ನಮ್ಮ ಸಂಘದಲ್ಲಿ. ಸಂಘದ ಹೆಸರು 'ಇದ್ದ ಹಾಗೇ ಇರಲಿ ಸಂಘ'. ಸದಸ್ಯರು ಹನ್ನೊಂದು ಮಂದಿ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಭೆ. ಮೂವತ್ತು ವರ್ಷ ತುಂಬಿದ ಯಾವ ವಸ್ತುವನ್ನೂ ಯಾರೂ ಮುಟ್ಟದಂತೆ ಕಾಯುವುದು, ಮೂವತ್ತು ತುಂಬದ್ದನ್ನೆಲ್ಲ ವಿರೋಧಿಸುವುದು, ಇದೇ ನಮ್ಮ ಧ್ಯೇಯ. ಬಸ್ ನಿಲ್ದಾಣದ ತಗಡಿನ ಮಾಡನ್ನು ಇಪ್ಪತ್ತೊಂಬತ್ತು ವರ್ಷ ಮುನ್ನೂರ ಅರವತ್ತನಾಲ್ಕು ದಿನ ವಿರೋಧಿಸಿ, ಮರುದಿನ ಬೆಳಿಗ್ಗೆಯಿಂದ ಅದನ್ನು ಉಳಿಸಲು ಹೋರಾಟ ಶುರು ಮಾಡಿದ ಕೀರ್ತಿ ನಮ್ಮದು.

ಅಧ್ಯಕ್ಷರು ನಿವೃತ್ತ ಸರ್ವೆಯರು. ಏನು ಹೇಳಿದರೂ "ಅಳತೆ ಎಲ್ಲಿದೆ?" ಎಂದು ಕೇಳುವ ಅಭ್ಯಾಸ ಅವರಿಗೆ ಕೆಲಸ ಬಿಟ್ಟ ಮೇಲೂ ಬಿಟ್ಟಿರಲಿಲ್ಲ. ಅರ್ಜಿಯಣ್ಣ ಕಾರ್ಯದರ್ಶಿ. ಸಂಘದ ನಲವತ್ತನಾಲ್ಕು ನಿಯಮಗಳನ್ನು ಬರೆದವರೂ ಅವರೇ. ನಾನು ಕೋಣೆ ಕೊಟ್ಟವನಾದ್ದರಿಂದ ನನ್ನನ್ನೂ ಸದಸ್ಯನನ್ನಾಗಿ ಸೇರಿಸಿಕೊಂಡಿದ್ದರು. ನನ್ನ ಕೆಲಸ ಎಲ್ಲರೂ ಕೈ ಎತ್ತಿದಾಗ ಕೈ ಎತ್ತುವುದು. ಅದನ್ನು ನಾನು ಒಮ್ಮೆಯೂ ತಪ್ಪಿಸಿದವನಲ್ಲ. ಈ ಕಥೆಯಲ್ಲಿ ನನ್ನ ಪಾಲು ಎಷ್ಟೆಂದು ಯಾರಾದರೂ ಕೇಳಿದರೆ, ಅಷ್ಟು.

ನನ್ನ ಅಂಗಡಿಯಿದ್ದ ಬೀದಿಯಲ್ಲೇ ಅರ್ಜಿಯಣ್ಣನ ಮನೆ, ಅದರ ಎದುರಿಗೆ ಐಸ್ ಫ್ಯಾಕ್ಟರಿ ಇತ್ತು. ಅದನ್ನು ನಡೆಸುತ್ತಿದ್ದದ್ದು ಒಂದು ದೊಡ್ಡ ಡೀಸೆಲ್ ಇಂಜಿನ್ನು. ಅದರ ಹೊಗೆ ಕೊಳವೆಯ ಬಾಯಿಯೂ ಅರ್ಜಿಯಣ್ಣನ ಮನೆಯ ಅಡುಗೆಮನೆ ಕಿಟಕಿಯೂ ಒಂದೇ ಎತ್ತರದಲ್ಲಿ ಮುಖಾಮುಖಿಯಾಗಿದ್ದವು. ಬೆಳಿಗ್ಗೆ ಆರಕ್ಕೆ ಇಂಜಿನ್ನು ಶುರುವಾದರೆ ನಾವೆಲ್ಲ ಅತ್ತಿಗೆ ಎನ್ನುತ್ತಿದ್ದ ಅವರ ಹೆಂಡತಿಯ ಪಾತ್ರೆಗಳೆಲ್ಲ ಅಟ್ಟಣಿಗೆಯ ಮೇಲೆ ತಾವಾಗೇ ಜಾಗ ಬದಲಾಯಿಸುತ್ತಿದ್ದವು. ಹೀಗಿರುವಾಗ, ಮೂರು ತಿಂಗಳೊಳಗೆ ಇಂಜಿನ್ನು ತೆಗೆದು ಫ್ಯಾಕ್ಟರಿಯ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಹಾಕತಕ್ಕದ್ದೆಂದು ನಗರ ಕಚೇರಿಯ ನೋಟೀಸು ಗೇಟಿಗೆ ಅಂಟಿಕೊಂಡಿತು. ಅರ್ಜಿಯಣ್ಣ ಅದನ್ನು ಓದಿದವರೇ ಒಳಗೆ ಹೋಗಿ ಇಂಜಿನ್ನಿನ ಹಿತ್ತಾಳೆ ಫಲಕವನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದರು. ಅದಕ್ಕೆ ಮೂವತ್ತೊಂದು ವರ್ಷ ಆಗಿತ್ತು.

ಆ ಭಾನುವಾರ ಅವರು ಓದಿದ ಅರ್ಜಿ ನನಗೆ ಇವತ್ತಿಗೂ ಬಾಯಿಪಾಠ. 'ಸದರಿ ಇಂಜಿನ್ನಿನ ಸದ್ದಿನಿಂದಲೇ ನಮ್ಮ ಬೀದಿಯು ಎಚ್ಚರಗೊಳ್ಳುತ್ತದೆ. ಸದರಿ ಹೊಗೆಯಿಂದಲೇ ಗಾಳಿಯ ದಿಕ್ಕು ನಮಗೆ ತಿಳಿಯುತ್ತದೆ. ನಿನ್ನೆ ಮೊನ್ನೆ ಬಂದ ಹಲಗೆಗಳಿಗಾಗಿ ಮೂರು ದಶಕದ ಒಡನಾಡಿಯನ್ನು ಬೀದಿಪಾಲು ಮಾಡುವುದು ನ್ಯಾಯವೇ?' ಅಧ್ಯಕ್ಷರು ಕಣ್ಣು ಒರೆಸಿಕೊಂಡರು. ಗಾಳಿ ಆ ದಿನ ನಮ್ಮ ಕಡೆಗೇ ಬೀಸುತ್ತಿತ್ತು. ನಾನು ಕೈ ಎತ್ತಿದೆ.

ನಾಲ್ಕು ವಾರದಲ್ಲಿ ಆದೇಶ ಬಂತು. ಸದರಿ ಇಂಜಿನ್ನನ್ನು ಇದ್ದ ಸ್ಥಿತಿಯಲ್ಲೇ ಸಂರಕ್ಷಿಸತಕ್ಕದ್ದು. ಇನ್ನೂರ ಹನ್ನೆರಡು ಅರ್ಜಿಗಳು ಮೂಲೆ ಸೇರಿದ ಮೇಲೆ ಇನ್ನೂರ ಹದಿಮೂರನೆಯದು ಗೆದ್ದಿತ್ತು. ಅರ್ಜಿಯಣ್ಣ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಆದೇಶಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದಾಯಿತು. ಸಮಾರಂಭಕ್ಕೆಂದು ನಾನು ಕೋಣೆಗೆ ಸುಣ್ಣ ಹೊಡೆಸಿದೆ. ಬೆಳ್ಳಗಿನ ಗೋಡೆಯ ಮೇಲೆ ಮೊಳೆ ಹೊಡೆದು ಚೌಕಟ್ಟು ತೂಗುಹಾಕಿದವನೂ ನಾನೇ.

ಅತ್ತಿಗೆ ಫ್ಲಾಸ್ಕಿನಲ್ಲಿ ಟೀ ತಂದರು. ಎಲ್ಲರಿಗೂ ಕೊಟ್ಟು, ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಒಂದಷ್ಟು ಹೊತ್ತು ಕೆಮ್ಮಿದರು. ಆಮೇಲೆ ಗಂಡನ ಕಡೆ ತಿರುಗಿ, "ಇನ್ನೂರ ಹನ್ನೆರಡು ಸಲ ಆಗಲ್ಲ ಅಂದೋರು ಇದೊಂದಕ್ಕೆ ಹೇಗ್ರೀ ಹೂಂ ಅಂದ್ರು?" ಎಂದು ಕೇಳಿದರು.

"ಭಾಷೆ," ಎಂದರು ಅರ್ಜಿಯಣ್ಣ. "ಈ ಸಲ ಭಾಷೆ ಬಿಗಿಯಾಗಿತ್ತು."

ಅತ್ತಿಗೆಯ ಕೆಮ್ಮು ಬಹಳ ದಿನದ್ದು. ನಮಗೆಲ್ಲ ಅದು ಇಂಜಿನ್ನಿನ ಸದ್ದಿನ ಹಾಗೆ ಅಭ್ಯಾಸವಾಗಿ ಹೋಗಿತ್ತು. ಆದರೆ ಆ ವರ್ಷ ಅದು ಜೋರಾಯಿತು. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂರುತ್ತಿದ್ದರು. ಅರ್ಧ ಮಾತಾಡಿ ಉಳಿದದ್ದನ್ನು ಕೈಯಲ್ಲಿ ತೋರಿಸುತ್ತಿದ್ದರು. ಆಸ್ಪತ್ರೆಗೆ ಹೋದಾಗ ಡಾಕ್ಟರು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಯಾವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದರಂತೆ. ಅಡುಗೆಮನೆಯಲ್ಲಿ ಎಂದರಂತೆ ಅತ್ತಿಗೆ. ನೀವು ಹೊಗೆಯಿಂದ ದೂರ ಹೋಗಬೇಕು, ಇಲ್ಲವೇ ಹೊಗೆ ನಿಮ್ಮಿಂದ ದೂರ ಹೋಗಬೇಕು, ಎರಡರಲ್ಲಿ ಒಂದು ಬೇಗ ಆಗಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ಮೊದಲು ಅತ್ತಿಗೆಯೇ ದೂರ ಹೋಗಿ ನೋಡಿದರು. ತಮ್ಮನ ಮನೆಗೆ ಹೋದರು. ಅದು ಎರಡು ಕೋಣೆಯ ಮನೆ, ಏಳು ಜನ. ಅರ್ಜಿಯಣ್ಣನಿಗೆ ಅಲ್ಲಿ ಕಾಲು ಚಾಚಲೂ ಜಾಗವಿಲ್ಲದ್ದರಿಂದ ಅವರು ಇಲ್ಲೇ ಉಳಿದರು. ಎಂಟು ದಿನ ಟೀಗೆ ಉಪ್ಪು ಹಾಕಿಕೊಂಡು ಕುಡಿದು, ಅದು ಹೊಸ ಸಕ್ಕರೆಯ ದೋಷವೆಂದು ಅಂಗಡಿಯವರ ಮೇಲೆ ಒಂದು ದೂರು ಟೈಪ್ ಮಾಡುತ್ತಿದ್ದಾಗ ಒಂಬತ್ತನೆಯ ದಿನ ಅತ್ತಿಗೆ ವಾಪಸು ಬಂದರು. ಆಮೇಲೆ ಎಷ್ಟು ಹೇಳಿದರೂ ಹೋಗಲಿಲ್ಲ. ಹಾಗಾದರೆ ಉಳಿದದ್ದು ಹೊಗೆಯನ್ನು ಕಳಿಸುವ ದಾರಿ.

ಅರ್ಜಿಯಣ್ಣ ಐಸ್ ಸಾಹುಕಾರರ ಕಾಲು ಹಿಡಿಯುವುದಕ್ಕೂ ಸಿದ್ಧರಾಗಿ ಫ್ಯಾಕ್ಟರಿಗೆ ಹೋದರು. ಜೊತೆಗೆ ನಾನಿದ್ದೆ. ಸಾಹುಕಾರರು ನಮ್ಮನ್ನು ಹಿಂದಿನ ಗೋದಾಮಿಗೆ ಕರೆದುಕೊಂಡು ಹೋಗಿ ತಾಡಪಾಲು ಎತ್ತಿದರು. ಕೆಳಗೆ ಸೋಲಾರ್ ಹಲಗೆಗಳು ಕಟ್ಟಿದ ಕಟ್ಟು ಬಿಚ್ಚದೆ ನಿಂತಿದ್ದವು.

"ಇದನ್ನ ಹಾಕಿಸ್ಕೊಡಿ ಅಂತ ಆಫೀಸಿಗೆ ಹೋಗಿ ಕೇಳಿದ್ದೇ ನಾನು, ಸ್ವಾಮಿ. ಆ ನೋಟೀಸು ಬಂದಿದ್ದೇ ನನ್ನಿಂದ," ಎಂದರು ಸಾಹುಕಾರರು. "ಆ ಇಂಜಿನ್ನು ನನ್ನ ಪ್ರಾಣ ತಿಂತಿದೆ. ಹೊಗೆ ಸೋಸೋ ಜಾಲರಿ ತೂತು ಬಿದ್ದು ಒಂಬತ್ತು ತಿಂಗಳಾಯ್ತು. ಬದಲಾಯಿಸೋಣ ಅಂದ್ರೆ ನಿಮ್ಮ ಆರ್ಡರ್‌ನಲ್ಲಿ ಇದ್ದ ಸ್ಥಿತಿಯಲ್ಲೇ ಇರ್ಬೇಕು ಅಂತ ಇದೆ. ಒಂದು ಬೋಲ್ಟ್ ಮುಟ್ಟೋ ಹಾಗಿಲ್ಲ."

ಅರ್ಜಿಯಣ್ಣ ಹಲಗೆಯೊಂದರ ಮೇಲಿನ ಧೂಳನ್ನು ಬೆರಳಿನಿಂದ ಸವರಿ, ಬೆರಳು ನೋಡಿಕೊಂಡರು.

ಮರುದಿನ ನಗರ ಕಚೇರಿ. ಅಲ್ಲಿಯ ಟಪಾಲು ಗುಮಾಸ್ತರು ಅರ್ಜಿಯಣ್ಣನ ಇನ್ನೂರ ಹದಿಮೂರು ಅರ್ಜಿಗಳಿಗೂ ಮೊಹರು ಒತ್ತಿದ ಮಹನೀಯರು. ಆದೇಶ ರದ್ದು ಮಾಡಬೇಕೆಂದು ಕೇಳಿದಾಗ ಅವರು ಕನ್ನಡಕವನ್ನು ಹಣೆಗೆ ಏರಿಸಿದರು. ಆ ಕನ್ನಡಕ ನಾನೇ ಮಾಡಿಕೊಟ್ಟದ್ದು. ಅದನ್ನು ಅವರು ಮೂಗಿನ ಮೇಲೆ ಇಟ್ಟದ್ದನ್ನು ನಾನು ಕಂಡಿಲ್ಲ.

"ಅಷ್ಟೂ ಅರ್ಜೀಲಿ ನೀವು ಏನಾದ್ರೂ ಮಾಡಿ ಅಂತ ಕೇಳಿದ್ರಿ," ಎಂದರು ಗುಮಾಸ್ತರು ನಿಧಾನವಾಗಿ. "ಅದೊಂದ್ರಲ್ಲಿ ಮಾತ್ರ ಏನೂ ಮಾಡ್ಬೇಡಿ ಅಂತ ಕೇಳಿದ್ರಿ. ಅದು ನಮ್ಮ ಕೈಲಾಗೋ ಕೆಲಸ. ಮಾಡಿದ್ವಿ."

ರದ್ದು ಮಾಡುವುದಕ್ಕೆ ಅರ್ಜಿ ಹಾಕಿದ ಸಂಘವೇ ತನ್ನ ನಿಯಮದ ಪ್ರಕಾರ ಠರಾವು ಮಾಡಿ ತರಬೇಕಂತೆ. ಸಂಘದ ನಿಯಮಗಳ ಪ್ರತಿಯೊಂದು ಅವರ ಕಡತದಲ್ಲೇ ಇತ್ತು. ಒಮ್ಮೆ ರಕ್ಷಿಸಿದ ವಸ್ತುವನ್ನು ಮೂವತ್ತು ವರ್ಷ ಮರುಚರ್ಚೆಗೆ ತರಕೂಡದು ಎಂಬ ನಿಯಮವನ್ನು ಅವರು ಗಟ್ಟಿಯಾಗಿ ಓದಿ, ಯಾರು ಬರೆದದ್ದೋ ಬಹಳ ಬಿಗಿಯಾಗಿ ಬರೆದಿದ್ದಾರೆ ಎಂದು ಮೆಚ್ಚಿಕೊಂಡರು.

ನಿಯಮ ಬರೆದವರಿಗೆ ಅದರ ಸಂದಿಯೂ ಗೊತ್ತಿರುತ್ತದೆ. ಹಿಂದೊಮ್ಮೆ ಒಂದು ಹಳೇ ಬಾವಿಗೂ ಅದರ ಕಟ್ಟೆ ಒಡೆಯುತ್ತಿದ್ದ ಹಳೇ ಮರಕ್ಕೂ ತಕರಾರು ಬಂದಾಗ, ಎರಡು ಹಳೆಯ ವಸ್ತುಗಳ ನಡುವೆ ವಿವಾದವಾದರೆ ಹೆಚ್ಚು ಹಳೆಯದೇ ಗೆಲ್ಲತಕ್ಕದ್ದು ಎಂದು ಅರ್ಜಿಯಣ್ಣ ಒಂದು ನಿಯಮ ಸೇರಿಸಿದ್ದರು. ಆ ಭಾನುವಾರ ಅವರು ಅದನ್ನು ಹಿಡಿದುಕೊಂಡು ಎದ್ದು ನಿಂತರು. ಅಷ್ಟು ಹೊತ್ತಿಗೆ ಅರ್ಜಿಯಣ್ಣ ಸೋಲಾರ್ ಹಲಗೆಯ ಏಜೆಂಟರಾಗಿದ್ದಾರೆಂದು ಬೀದಿಯಲ್ಲೆಲ್ಲ ಗುಲ್ಲಾಗಿತ್ತು. ಅವರ ಬಾಮೈದ ಬಂದು, ಈ ವಯಸ್ಸಿನಲ್ಲಿ ಪಕ್ಷಾಂತರ ಬೇಕಿತ್ತೇ ಭಾವ ಎಂದು ಕೇಳಿ ಹೋಗಿದ್ದ. ನಮ್ಮ ಸಂಘದ ದರ್ಜಿಯಂತೂ ಅವರ ಪಕ್ಕದ ಕುರ್ಚಿಯಿಂದ ಎದ್ದು ಬೇರೆ ಕಡೆ ಕೂತಿದ್ದರು.

"ನಾನು ಯಾವ ಪಕ್ಷಾನೂ ಬಿಟ್ಟಿಲ್ಲ," ಎಂದರು ಅರ್ಜಿಯಣ್ಣ. "ನಾವು ಸರಿಯಾಗಿ ಹಳಬರಾಗಿಲ್ಲ, ಅದೇ ನಮ್ಮ ತಪ್ಪು. ಇಂಜಿನ್ನು ಹಳೇದು ಅಂದ್ರಿ, ಸರಿ. ಅದಕ್ಕಿಂತ ಬಿಸಿಲು ಹಳೇದಲ್ವಾ? ಗಾಳಿ ಹಳೇದಲ್ವಾ? ಆ ಎಣ್ಣೆ ಎಲ್ಲಿಂದಲೋ ಲಾರೀಲಿ ಬರ್ಬೇಕು. ಬಿಸಿಲು ನಮ್ಮ ಮಾಳಿಗೆ ಮೇಲೆ ತಾನಾಗೇ ಬೀಳುತ್ತೆ. ನಮ್ಮ ಹಿರಿಯರು ಯಾರ ಮುಂದೆನೂ ಕೈ ಚಾಚಿದೋರಲ್ಲ ಅಂತ ನೀವೇ ಇಲ್ಲಿ ಎಷ್ಟು ಸಲ ಹೇಳಿದೀರಿ. ಅವರು ನಮ್ಮ ಕೈಗೆ ಕೊಟ್ಟ ಗಾಳೀನ ನಾವು ಹಾಗೇ ಮುಂದಿನೋರಿಗೆ ದಾಟಿಸ್ಬೇಕೋ ಬೇಡ್ವೋ? ಅದನ್ನ ಇದ್ದ ಹಾಗೇ ಇಡದೆ ಇನ್ನೇನನ್ನ ಇಡೋದು?"

ಹಲಗೆ ಹೊಸದಲ್ಲವೇ ಎಂದು ದರ್ಜಿ ಗೊಣಗಿದರು. ತಟ್ಟೆ ಹೊಸದಾದರೆ ಅನ್ನ ಹೊಸದಾಗುತ್ತದೆಯೇ ಎಂದು ಅರ್ಜಿಯಣ್ಣ ಕೇಳಿದಾಗ ದರ್ಜಿ ಮತ್ತೆ ಹಳೇ ಕುರ್ಚಿಗೇ ಬಂದು ಕೂತರು. ನಾನು ಕೈ ಎತ್ತುವುದಕ್ಕೆ ತೋಳು ಸಡಿಲ ಮಾಡಿಕೊಂಡೆ. ಅಷ್ಟರಲ್ಲಿ ಅಧ್ಯಕ್ಷರು ಕೆಮ್ಮಿ, "ಮಾತೆಲ್ಲ ಸರಿ. ಇಂಜಿನ್ನಿಗೆ ಫಲಕ ಇದೆ. ಸೂರ್ಯನ ವಯಸ್ಸಿಗೆ ದಾಖಲೆ ಎಲ್ಲಿದೆ?" ಎಂದರು.

ಅಧ್ಯಕ್ಷರನ್ನು ಬೈಯುವುದು ಸುಲಭ. ಅವರು ಕೆಟ್ಟವರಲ್ಲ. ನಲವತ್ತು ವರ್ಷ ಜನ ಬೇಲಿ ತೋರಿಸಿ ಹೇಳಿದ ಸುಳ್ಳುಗಳನ್ನು ಅಳೆದು ಅಳೆದು ಅವರ ಮನಸ್ಸು ಹಾಗಾಗಿತ್ತು. ಅರ್ಜಿಯಣ್ಣನಿಗೂ ಆ ಪ್ರಶ್ನೆ ತಪ್ಪೆನಿಸಲಿಲ್ಲ. ಅವರು ದಾಖಲೆ ಹುಡುಕಿಕೊಂಡು ಹೊರಟರು. ಶಾಲೆಯ ವಿಜ್ಞಾನದ ಮೇಷ್ಟ್ರು ಸೂರ್ಯನಿಗೆ ನಾನ್ನೂರ ಅರವತ್ತು ಕೋಟಿ ವರ್ಷ ಎಂದು ಬರೆದುಕೊಟ್ಟರು. ಅದರ ಮೇಲೆ ಮೊಹರು ಇರಲಿಲ್ಲ. ಹವಾಮಾನ ಕಚೇರಿಯಲ್ಲಿ ಮೊಹರು ಇತ್ತು. ಅಲ್ಲಿಯ ಅಧಿಕಾರಿ ಅರ್ಜಿಯಣ್ಣನನ್ನು ಐದು ಸಲ ಅಲೆದಾಡಿಸಿ, ಆರನೆಯ ಸಲ ಮರುಕದಿಂದ ಒಂದು ಪ್ರಮಾಣಪತ್ರ ಕೊಟ್ಟರು. ಬಿಸಿಲು ಅಳೆಯುವ ಯಂತ್ರವನ್ನು ಆ ಕಚೇರಿಯಲ್ಲಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಆದ್ದರಿಂದ ನಮ್ಮಲ್ಲಿ ಬಿಸಿಲು ಬೀಳುತ್ತಿರುವುದು ಇಪ್ಪತ್ತೆರಡು ವರ್ಷಗಳಿಂದ ಎಂದು ಮಾತ್ರ ದೃಢೀಕರಿಸಲಾಗಿತ್ತು.

ಮೂವತ್ತು ತುಂಬದ್ದು ಹೊಸದು. ಹೊಸದನ್ನು ಸಂಘ ವಿರೋಧಿಸಬೇಕು. ಅಂದರೆ ಪ್ರಮಾಣಪತ್ರ ಸಭೆಗೆ ಬಂದ ಭಾನುವಾರ ನಾವು ಸೂರ್ಯನನ್ನು ವಿರೋಧಿಸುವ ಸ್ಥಿತಿಗೆ ಬಂದಿದ್ದೆವು. ಎಂಟು ವರ್ಷ ಕಾಯಿರಿ, ಆಮೇಲೆ ನೋಡೋಣ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಅರ್ಜಿಯಣ್ಣ ಪ್ರಮಾಣಪತ್ರವನ್ನು ನಾಲ್ಕಾಗಿ ಮಡಿಸುತ್ತಾ ನಿಂತಿದ್ದರು. ಮಡಿಸಿ ಮುಗಿದ ಮೇಲೆ ಮತ್ತೆ ಬಿಚ್ಚಿ ಮಡಿಸಿದರು.

ಆಗ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಕೈಯಲ್ಲಿ ಫ್ಲಾಸ್ಕು ಇರಲಿಲ್ಲ, ಒಂದು ಹಳೇ ಕಾಗದ ಇತ್ತು. ಬೀದಿ ದಾಟಿ ಬರುವುದಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿದಿತ್ತೋ. ನಾನು ಕುರ್ಚಿ ಕೊಟ್ಟೆ. ಅವರು ಕೂತು, ಸುಧಾರಿಸಿಕೊಂಡು, ಕಾಗದವನ್ನು ಅಧ್ಯಕ್ಷರ ಮುಂದೆ ಇಟ್ಟರು. ಅದು ಅವರ ಶಾಲೆಯ ಸರ್ಟಿಫಿಕೇಟು. ಹುಟ್ಟಿದ ತಾರೀಕೂ ಇತ್ತು, ಮೊಹರೂ ಇತ್ತು.

"ನಂಗೆ ಅರವತ್ತಮೂರು," ಎಂದರು ಅತ್ತಿಗೆ, ಒಂದೊಂದೇ ಮಾತು ಬಿಡಿಸಿ. "ನನ್ನ ಉಸಿರಿಗೂ ಅಷ್ಟೇ ವಯಸ್ಸು. ಇಂಜಿನ್ನಿಗೆ ಮೂವತ್ತೆರಡು. ಇಬ್ಬರಲ್ಲಿ ಹಳಬರು ಯಾರು ಅಂತ ಅಳತೆ ಮಾಡಿ ಹೇಳಿ."

ಅಧ್ಯಕ್ಷರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ, ನನಗೆ ಗೊತ್ತಿದ್ದಂತೆ ಮೊದಲ ಬಾರಿಗೆ, ತಾವೇ ಮೊದಲು ಕೈ ಎತ್ತಿದರು. ಹನ್ನೊಂದು ಕೈಗಳೂ ಎದ್ದವು. ಎಲ್ಲರೂ ನಕ್ಕೆವು. ಅತ್ತಿಗೆಯೂ ನಕ್ಕರು, ಆ ನಗು ಕೆಮ್ಮಾಗಿ ತಿರುಗಿ, ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಅರ್ಜಿಯಣ್ಣ ಅಲ್ಲೇ ಕೂತು ಠರಾವು ಬರೆದರು. ಯಾವ ಠರಾವನ್ನೂ ಮೂರು ಭಾನುವಾರ ಬಿಡದೆ, ಒಂದಕ್ಷರ ಬದಲಾಗದಂತೆ ಓದಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ ಓದಬೇಕು ಎಂಬುದು ನಿಯಮ. ಇದೊಂದಕ್ಕೆ ಆ ನಿಯಮ ಬಿಟ್ಟುಬಿಡೋಣವೇ ಎಂದು ದರ್ಜಿ ಕೇಳಿದರು. ಬೇಡ, ನಾಳೆ ಯಾರೂ ತಕರಾರು ತೆಗೆಯಬಾರದು, ಕ್ರಮವಾಗಿಯೇ ಆಗಲಿ ಎಂದರು ಅರ್ಜಿಯಣ್ಣ. ಎರಡು ವಾರ ತಾನೇ ಎಂದವನು ನಾನು. ಎರಡು ವಾರದಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ನನಗೆ ಹೇಳಿದ್ದಾರೆ. ಅದರ ಹಿಂದಿನ ಒಂದು ವರ್ಷದ ಮಾತನ್ನು ಅವರು ಎತ್ತಲಿಲ್ಲ.

ಎರಡನೆಯ ಓದು ಮುಗಿದ ವಾರ, ಗುರುವಾರ ಬೆಳಿಗ್ಗೆ ಆರಕ್ಕೆ ಇಂಜಿನ್ನು ಶುರುವಾಗುವ ಹೊತ್ತಿಗೆ ಅತ್ತಿಗೆ ಹೋಗಿಬಿಟ್ಟಿದ್ದರು. ಪಾತ್ರೆಗಳು ಎಂದಿನಂತೆ ಅಟ್ಟಣಿಗೆಯ ಮೇಲೆ ಸದ್ದು ಮಾಡಿದವಂತೆ. ಅವಳೇ ಎದ್ದಿದ್ದಾಳೆ ಎಂದುಕೊಂಡು ಅರ್ಜಿಯಣ್ಣ ಇನ್ನೊಂದು ಗಳಿಗೆ ಮಲಗಿದ್ದರಂತೆ.

ಆ ಭಾನುವಾರ ಅರ್ಜಿಯಣ್ಣ ಸಭೆಗೆ ಬರುತ್ತಾರೆಂದು ನಾವು ಯಾರೂ ಎಣಿಸಿರಲಿಲ್ಲ. ಹತ್ತಕ್ಕೆ ಸರಿಯಾಗಿ ಬಂದರು. ಸಂತಾಪ ಸೂಚಿಸಿ ಸಭೆ ಮುಂದೂಡೋಣ ಎಂದರು ಅಧ್ಯಕ್ಷರು. ಮುಂದೂಡಿದರೆ ಮೂರು ಓದು ಮತ್ತೆ ಮೊದಲಿನಿಂದ ಆಗಬೇಕೆಂದು ಅರ್ಜಿಯಣ್ಣ ನೆನಪಿಸಿದರು. ಹಾಗಾದರೆ ಒಂದೆರಡು ಶಬ್ದವಾದರೂ ತಿದ್ದೋಣ ಎಂದೆ ನಾನು. ಅವರು ನನ್ನನ್ನು ನೋಡಿದರು, ಕಾಗದ ಬಿಚ್ಚಿದರು, ಒಂದಕ್ಷರ ತಿದ್ದದೆ ಓದಿದರು.

'ಸದರಿ ಮಹಿಳೆಯ ಉಸಿರು ಕಳೆದ ಅರವತ್ತಮೂರು ವರ್ಷಗಳಿಂದ ಎಡೆಬಿಡದೆ ನಡೆದುಬಂದಿದ್ದು, ಈಗಲೂ ಚಾಲ್ತಿಯಲ್ಲಿರುತ್ತದೆ. ಇಂಜಿನ್ನಿಗಿಂತ ಹೆಚ್ಚು ಹಳೆಯದಾದ ಸದರಿ ಉಸಿರನ್ನು ಇದ್ದ ಸ್ಥಿತಿಯಲ್ಲೇ ಸಂರಕ್ಷಿಸತಕ್ಕದ್ದೆಂದು ಪ್ರಾರ್ಥನೆ.'

ಓದುವಾಗ ಅವರ ದನಿ ಎಲ್ಲೂ ಮುರಿಯಲಿಲ್ಲ. ಮುರಿದದ್ದು ನಮ್ಮದು. ಅಧ್ಯಕ್ಷರು ಕೈ ಎತ್ತಿ, ಇಳಿಸುವುದನ್ನು ಮರೆತು ಹಾಗೇ ಕೂತಿದ್ದರು. ನಾನು ಆ ಸಂಘದಲ್ಲಿ ನೂರಾರು ಸಲ ಕೈ ಎತ್ತಿದ್ದೇನೆ. ಅದು ಭಾರ ಎನಿಸಿದ್ದು ಅವತ್ತೊಂದೇ ದಿನ.

ಠರಾವು ಇನ್ನೂರ ಹದಿನಾಲ್ಕನೆಯ ಅರ್ಜಿಯಾಗಿ ಕಚೇರಿಗೆ ಹೋಯಿತು. ಐದು ವಾರದಲ್ಲಿ ಹಳೇ ಆದೇಶ ರದ್ದಾಗಿ, ಇಂಜಿನ್ನನ್ನು ತುಂಡು ಮಾಡಿ ಲಾರಿಗೆ ಏರಿಸಿದರು. ಫ್ಯಾಕ್ಟರಿಯ ಮಾಳಿಗೆಯ ಮೇಲೆ ಹಲಗೆಗಳು ಸಾಲಾಗಿ ಕೂತವು. ಬಿಸಿಲಿನಲ್ಲಿ ಐಸ್ ತಯಾರಾಗುವುದನ್ನು ನೋಡಲು ಬೇರೆ ಬೀದಿಯವರೆಲ್ಲ ಬಂದರು. ಬೆಳಿಗ್ಗೆ ಆರಕ್ಕೆ ಈಗ ಹಕ್ಕಿಗಳ ಸದ್ದು ಕೇಳುತ್ತದೆ. ಅವು ಮೊದಲೂ ಇದ್ದವೋ, ಹೊಸದಾಗಿ ಬಂದವೋ, ಗೊತ್ತಾಗಲಿಲ್ಲ. ಅರ್ಜಿಯಣ್ಣ ಮಾತ್ರ ದಿನಾ ತಡವಾಗಿ ಏಳತೊಡಗಿದರು. ಟೀಗೆ ಹಾಕುವುದು ಉಪ್ಪೋ ಸಕ್ಕರೆಯೋ ಎಂದು ನಾನು ಕೇಳುವುದಕ್ಕೆ ಹೋಗಲಿಲ್ಲ. ಡಬ್ಬಿಗಳ ಮೇಲೆ ಟೈಪ್ ಮಾಡಿದ ಚೀಟಿಗಳನ್ನು ಅತ್ತಿಗೆ ಹೋಗುವ ಮೊದಲೇ ಅಂಟಿಸಿದ್ದರೆಂದು ಆಮೇಲೆ ತಿಳಿಯಿತು. ಗಂಡನ ಟೈಪ್‌ರೈಟರಿನಲ್ಲಿ ಅವರು ಹೊಡೆದದ್ದು ಅದೊಂದೇ ಸಲ.

ಅದಾದ ಕೆಲವು ದಿನಕ್ಕೆ ಅರ್ಜಿಯಣ್ಣ ಒಂದು ಲಕೋಟೆ ಹಿಡಿದು ಅಂಗಡಿಗೆ ಬಂದರು. ಕಚೇರಿಯಿಂದ ಎರಡನೆಯ ಆದೇಶ ಬಂದಿತ್ತು. ಗುಮಾಸ್ತರು ಅರ್ಜಿಯನ್ನು ಎಂದಿನಂತೆ ಓದದೆ ಮೊಹರು ಒತ್ತಿದ್ದರು. 'ಸದರಿ ಉಸಿರನ್ನು ಇದ್ದ ಸ್ಥಿತಿಯಲ್ಲೇ ಸಂರಕ್ಷಿಸತಕ್ಕದ್ದು. ಯಾರೂ ಯಾವುದೇ ಬದಲಾವಣೆ ಮಾಡಕೂಡದು.' ನಾನು ಎರಡು ಸಲ ಓದಿದೆ. ಅವರ ಕನ್ನಡಕ ಇಸಿದುಕೊಂಡು ಒರೆಸಿಕೊಟ್ಟೆ.

"ಇದಕ್ಕೂ ಒಂದು ಚೌಕಟ್ಟು ಹಾಕ್ಸು," ಎಂದರು. "ಹಳೇದನ್ನ ತೆಗೆದು ಆ ಜಾಗದಲ್ಲಿ ಹಾಕೋಣ."

ಹಿಂದಿನ ಕೋಣೆಗೆ ಹೋಗಿ ಸ್ಟೂಲು ಹತ್ತಿ ಹಳೇ ಚೌಕಟ್ಟನ್ನು ಮೊಳೆಯಿಂದ ಇಳಿಸಿದೆ. ಅದರ ಹಿಂದೆ ಗೋಡೆಯ ಮೇಲೆ ಒಂದು ಅಚ್ಚ ಬಿಳಿಯ ಚೌಕ ಇತ್ತು, ಸುಣ್ಣ ಹೊಡೆಸಿದ ದಿನ ಇದ್ದಷ್ಟೇ ಬಿಳುಪು. ಆಗ ತಾನೇ ನನಗೆ ಉಳಿದ ಗೋಡೆ ಕಣ್ಣಿಗೆ ಬಿತ್ತು. ಅದು ಮಸಿಯ ಬಣ್ಣಕ್ಕೆ ತಿರುಗಿತ್ತು. ಹದಿನಾಲ್ಕು ತಿಂಗಳು ಪ್ರತಿ ಭಾನುವಾರ ಅದೇ ಕೋಣೆಯಲ್ಲಿ ಹನ್ನೊಂದು ಜನ ಕೂತಿದ್ದೆವು, ಒಬ್ಬರೂ ನೋಡಿರಲಿಲ್ಲ. ಜನರ ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವನು ನಾನು. ನಾನೂ ನೋಡಿರಲಿಲ್ಲ.

ಅರ್ಜಿಯಣ್ಣ ಹತ್ತಿರ ಬಂದು ಆ ಬಿಳಿ ಚೌಕದ ಮೇಲೆ ಅಂಗೈ ಇಟ್ಟರು. ಚೌಕ ಅಷ್ಟು ದೊಡ್ಡದೇನಲ್ಲ, ಅವರ ಕೈಯೇ ಅರ್ಧ ತುಂಬಿಕೊಂಡಿತು. ಆಮೇಲೆ ಕೈ ತೆಗೆದು, ಲಕೋಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ಇಲ್ಲೇನೂ ಹಾಕ್ಬೇಡ," ಎಂದರು. "ಇಷ್ಟಾದ್ರೂ ಇದ್ದ ಹಾಗೇ ಇರಲಿ."